ಲ್ಯಾಪ್‌ಟಾಪ್‌ಗೆ ಸಿಗುವ ಮನೆ ಸರ್ವರ್ ಟಿವಿ ಬಾಕ್ಸ್‌ಗೆ ಸಿಗುತ್ತಿಲ್ಲ: ಉಬುಂಟು, ಸಾಂಬಾ, ಕೋಡಿ

ನಿಟ್ಟುವಳ್ಳಿ ಮನೆ | ಶನಿವಾರ, ರಾತ್ರಿ 9.12

ನಮಸ್ಕಾರ್ರಿ ಎಲ್ಲರಿಗೂ. ಮನೆ ಸರ್ವರ್‌ನಾಗಿನ ಸಿನಿಮಾ ಫೋಲ್ಡರ್ ಟಿವಿ ಬಾಕ್ಸ್‌ಗೆ ಸಿಗವಲ್ದು. ವಿವರ ಒಂದೇ ಸಲ ಹಾಕ್ತೀನಿ.

ಸರ್ವರ್: ಹಳೇ ಡೆಸ್ಕ್‌ಟಾಪ್, ಉಬುಂಟು 24.04 (ಲಿನಕ್ಸ್), ಫೋಲ್ಡರ್ ನೆಟ್‌ವರ್ಕ್‌ನಾಗ ಹಂಚಲಿಕ್ಕೆ ಸಾಂಬಾ 4.19. ಯುಎಸ್‌ಬಿಗೆ 4 ಟಿಬಿ ಡಿಸ್ಕ್ ಹಾಕೇತಿ, ವಿಂಡೋಸ್‌ನ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್. ಕೆಳಗಿನ ಹಾಲ್‌ನಾಗ ಫೈಬರ್ ಮೋಡೆಮ್‌ಗೆ ನೇರ ಕೇಬಲ್. ವಿಳಾಸ 192.168.1.20.

ಟಿವಿ: ಮಹಡಿ ಮ್ಯಾಲೆ. ಆಂಡ್ರಾಯ್ಡ್ ಬಾಕ್ಸ್, ಸಿನಿಮಾ ಓಡಿಸೋ ಆ್ಯಪ್ ಕೋಡಿ 21. ಮ್ಯಾಲೆ ಬೇರೆ ವೈಫೈ ರೌಟರ್ ಐತಿ, ಕೆಳಗಿನ ಮೋಡೆಮ್‌ನಿಂದ ಕೇಬಲ್ ಎಳೆದು ಅದರ ವ್ಯಾನ್ (ಇಂಟರ್ನೆಟ್ ಬರೋ) ತೂತಿಗೆ ಹಾಕ್ಯಾರ.

ಲಕ್ಷಣ: ಕೋಡಿಯೊಳಗ ‘ವಿಂಡೋಸ್ ನೆಟ್‌ವರ್ಕ್’ ಒತ್ತಿದ್ರ ಒಮ್ಮೆ ಖಾಲಿ, ಒಮ್ಮೆ ‘ಆಪರೇಷನ್ ನಾಟ್ ಪರ್ಮಿಟೆಡ್’. ಕೆಳಗ ಲ್ಯಾಪ್‌ಟಾಪ್‌ನಿಂದ ನನ್ನ ಹೆಸರು, ಪಾಸ್‌ವರ್ಡ್ ಕೊಟ್ರ ಎಲ್ಲಾ ಫೈಲೂ ತೆರೀತಾವ. ಟಿವಿಗೆ ಅಂತ ಸಾಂಬಾದಾಗ ‘ಟಿವಿ’ ಅನ್ನೋ ಬೇರೆ ಬಳಕೆದಾರನ್ನ ಮಾಡೇನಿ. ಸರ್ವರ್ ಸರಿ ಐತಿ, ಕೋಡಿನೇ ಕೆಟ್ಟೈತಿ ಅಂತ ನನ್ನ ಲೆಕ್ಕ. ಕೋಡಿ ತೆಗೆದು ಮತ್ತ ಹಾಕ್ಲೇನ್ರಿ?

ಭದ್ರಾ ನಾಲೆ | ರಾತ್ರಿ 9.40

ಬೇಡ್ರಿ, ಕೋಡಿ ತೆಗೀಬೇಡ್ರಿ. ಲ್ಯಾಪ್‌ಟಾಪ್‌ನಲ್ಲಿ ತೆರೆದದ್ದರಿಂದ ಸರ್ವರ್ ಸರಿ ಇದೆ ಎಂದು ಹೇಳಲಿಕ್ಕೆ ಬರುವುದಿಲ್ಲ. ನಿಮ್ಮ ಎರಡು ಪರೀಕ್ಷೆಗಳಲ್ಲಿ ಮೂರು ಸಂಗತಿ ಬೇರೆ ಬೇರೆ ಇವೆ: ಸಾಧನ ಬೇರೆ, ಬಳಕೆದಾರ ಬೇರೆ, ನಿಂತಿರುವ ನೆಟ್‌ವರ್ಕೂ ಬೇರೆ ಇರುವ ಹಾಗೆ ಕಾಣುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕು.

ಮೊದಲು ಎರಡು ಉತ್ತರ ಬೇಕು.

ಒಂದು, ಟಿವಿ ಬಾಕ್ಸ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿವರ ತೆರೆದು ಐಪಿ ವಿಳಾಸ ಓದಿ. 192.168.1 ಎಂದು ಶುರುವಾಗುತ್ತದೋ, 192.168.0 ಎಂದೋ?

ಎರಡು, ಕೋಡಿಯಲ್ಲಿ ‘ವಿಂಡೋಸ್ ನೆಟ್‌ವರ್ಕ್’ ಪಟ್ಟಿಯ ಕಡೆ ಹೋಗಲೇಬೇಡಿ. ಫೈಲ್ಸ್, ಆ್ಯಡ್ ವಿಡಿಯೋಸ್, ಬ್ರೌಸ್, ‘ಆ್ಯಡ್ ನೆಟ್‌ವರ್ಕ್ ಲೊಕೇಶನ್’ ಒತ್ತಿ. ಪ್ರೋಟೋಕಾಲ್ ಎಸ್‌ಎಂಬಿ (ಸಾಂಬಾ ಫೈಲ್ ಹಂಚುವ ಭಾಷೆ), ಸರ್ವರ್ ಹೆಸರಿನ ಜಾಗದಲ್ಲಿ 192.168.1.20, ಶೇರ್ ಹೆಸರು, ಬಳಕೆದಾರ, ಪಾಸ್‌ವರ್ಡ್. ಏನು ದೋಷ ಬರುತ್ತದೋ ಅಕ್ಷರ ಬಿಡದೆ ಹಾಕಿ.

ಪಟ್ಟಿಯಲ್ಲಿ ಕಾಣುವುದು ಬೇರೆ ಕೆಲಸ, ತಲುಪುವುದು ಬೇರೆ ಕೆಲಸ. ಕೋಡಿಯ ಆ ಪಟ್ಟಿ ನೆಟ್‌ಬಯಾಸ್ ಎಂಬ ಹಳೆಯ ಪದ್ಧತಿಯ ಕೂಗಿನ ಮೇಲೆ ನಿಂತಿದೆ: ಯುಡಿಪಿ 137 ಮತ್ತು 138ನೇ ಪೋರ್ಟ್, ಜೊತೆಗೆ ಎಸ್‌ಎಂಬಿ 1. ಸಾಂಬಾ 2019ರ 4.11ನೇ ಆವೃತ್ತಿಯಿಂದ ಎಸ್‌ಎಂಬಿ 1 ಅನ್ನು ತಾನಾಗಿ ಮುಚ್ಚಿಟ್ಟಿದೆ. ವಿಂಡೋಸ್ 10 ಕೂಡ 2017ರ 1709ನೇ ಆವೃತ್ತಿಯಿಂದ ಅದನ್ನು ಹಾಕಿ ಕೊಡುವುದಿಲ್ಲ. ಹಾಗಾಗಿ ಪಟ್ಟಿ ಖಾಲಿ ಕಂಡರೆ ಅದು ರೋಗವೇ ಅಲ್ಲ. ಫೈಲ್ ಹರಿಯುವುದಕ್ಕೆ ಬೇಕಾದದ್ದು ಟಿಸಿಪಿ 445 ಒಂದೇ.

ಮಂಡಿಪೇಟೆ | ರಾತ್ರಿ 9.58

ಸಾಂಬಾ ಸೆಟ್ಟಿಂಗ್‌ನಲ್ಲಿ ‘ಸರ್ವರ್ ಮಿನ್ ಪ್ರೋಟೋಕಾಲ್’ ಎನ್‌ಟಿ1 (ಅಂದ್ರ ಎಸ್‌ಎಂಬಿ 1) ಅಂತ ಹಾಕಿ ಬಿಡ್ರಿ, ಒಂದೇ ಸಾಲು, ಪಟ್ಟಿನೂ ಬರ್ತೈತಿ.

ಭದ್ರಾ ನಾಲೆ | ರಾತ್ರಿ 10.05

ಅಣ್ಣಾ, ಆ ಸಲಹೆ ದಯವಿಟ್ಟು ಬೇಡ. ಪಟ್ಟಿ ಬರಬಹುದು, ಜೊತೆಗೆ ಎಸ್‌ಎಂಬಿ 1 ಮನೆಗೆ ವಾಪಸ್ ಬರುತ್ತದೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಸುಲಿಗೆ ವೈರಸ್ ಹರಡಿದ್ದು ವಿಂಡೋಸ್‌ನ ಎಸ್‌ಎಂಬಿ 1ರ ತೂತಿನಿಂದ. ಇವರ ಬಾಕ್ಸ್‌ನಲ್ಲಿ ಕೋಡಿ 21 ಇದೆ, ಅದು ಎಸ್‌ಎಂಬಿ 3ರ ತನಕ ಮಾತಾಡುತ್ತದೆ. ಇರುವ ಒಳ್ಳೆಯ ಬಾಗಿಲು ಬಿಟ್ಟು ಗೋಡೆ ಒಡೆಯುವ ಅಗತ್ಯವಿಲ್ಲ.

ನಿಟ್ಟುವಳ್ಳಿ ಮನೆ | ಭಾನುವಾರ, ಬೆಳಿಗ್ಗೆ 7.30

ಬಾಕ್ಸ್‌ನ ವಿಳಾಸ 192.168.0.104 ಅದ ರೀ. ಐಪಿ ಕೊಟ್ಟು ಸೇರಿಸಿದ್ರ ಈಗ ಖಾಲಿ ಬರಂಗಿಲ್ಲ, ಸ್ವಲ್ಪ ಹೊತ್ತು ತಿರುಗಿ ‘ಸಂಪರ್ಕ ಆಗಲಿಲ್ಲ’ ಅನ್ನೋ ಥರ ಬರ್ತೈತಿ.

ತುರುವನೂರು ರಸ್ತೆ | ಬೆಳಿಗ್ಗೆ 8.15

ಚಿತ್ರದುರ್ಗದಿಂದ. ಇಲ್ಲಿ ಎರಡು ನೆಟ್‌ವರ್ಕ್ ಐತೆ, ಅದು ಮೊದಲು ಅರ್ಥ ಮಾಡ್ಕೊಳ್ಳಿ. ಫೈಬರ್ ಮೋಡೆಮ್ ಅಂತ ಕರೆಯೋ ಡಬ್ಬಿ ಬರೀ ಮೋಡೆಮ್ ಅಲ್ಲ, ಅದರೊಳಗೇ ರೌಟರ್ ಐತೆ, 192.168.1 ಹಂಚುತ್ತೆ. ಮಹಡಿ ರೌಟರ್ ತನ್ನ ವ್ಯಾನ್ ಪೋರ್ಟಲ್ಲಿ ಅದನ್ನ ಇಂಟರ್ನೆಟ್ ಅಂದ್ಕೊಂಡು, ಒಳಗಡೆ 192.168.0 ಅಂತ ಬೇರೆ ಬೇಲಿ ಹಾಕ್ಕೊಂಡೈತೆ. ಬೇಲಿ ಒಳಗಿನ ಟಿವಿ ಹೊರಗಿನ ಸರ್ವರನ್ನ ವಿಳಾಸ ಕೊಟ್ಟು ಕರೆದ್ರೆ ಹೋಗಿ ಮುಟ್ಟುತ್ತೆ, ಯಾಕಂದ್ರೆ ಒಳಗಿಂದ ಹೊರಗೆ ನ್ಯಾಟ್ (ರೌಟರ್ ವಿಳಾಸ ಬದಲಿಸಿ ಕಳಿಸೋ ಪದ್ಧತಿ) ಬಿಡುತ್ತೆ. ಆದ್ರೆ ‘ಯಾರ್ಯಾರಿದ್ದೀರಿ’ ಅಂತ ಕೂಗೋ ಬ್ರಾಡ್‌ಕಾಸ್ಟು, ಮಲ್ಟಿಕಾಸ್ಟು ಬೇಲಿ ದಾಟಲ್ಲ. ಟಿವಿಗೆ ವಿಡಿಯೋ ಹಂಚೋ ಡಿಎಲ್‌ಎನ್‌ಎ ಹಾಕಿದ್ರೂ ಇದೇ ಕಥೆ, ಅದು ಯುಡಿಪಿ 1900ರಲ್ಲಿ ಕೂಗುತ್ತೆ. ಸರ್ವರ್ ಮಹಡಿ ಮೇಲಿದ್ದು ಟಿವಿ ಕೆಳಗಿದ್ದಿದ್ರೆ ವಿಳಾಸ ಕೊಟ್ರೂ ತಲುಪ್ತಿರಲಿಲ್ಲ.

ಪರಿಹಾರ: ಮಹಡಿ ರೌಟರನ್ನ ಆ್ಯಕ್ಸೆಸ್ ಪಾಯಿಂಟ್ (ಎಪಿ), ಅಂದ್ರೆ ಬೇಲಿ ಹಾಕದೆ ಬರೀ ವೈಫೈ ಕೊಡೋ ಡಬ್ಬಿ ಮಾಡಿ. ಮೆನುವಿನಲ್ಲಿ ‘ಎಪಿ ಮೋಡ್’ ಅಂತ ಇದ್ರೆ ಅದನ್ನ ಒತ್ತಿದ್ರೆ ಮುಗೀತು. ಇಲ್ಲದಿದ್ರೆ ಕೈಯಿಂದ, ಇದೇ ಕ್ರಮದಲ್ಲಿ:

ಲ್ಯಾಪ್‌ಟಾಪನ್ನ ಮಹಡಿ ರೌಟರ್‌ಗೆ ಕೇಬಲ್‌ನಿಂದ ಜೋಡಿಸಿ, ಅದರ ಲ್ಯಾನ್ ವಿಳಾಸ 192.168.1.2 ಮಾಡಿ. ರೌಟರ್ ಮತ್ತೆ ಶುರುವಾದ ಮೇಲೆ ಹೊಸ ವಿಳಾಸದಲ್ಲಿ ಒಳಗೆ ಹೋಗಿ ಡಿಎಚ್‌ಸಿಪಿ (ವಿಳಾಸ ಹಂಚೋ ಕೆಲಸ) ಆಫ್ ಮಾಡಿ. ಆಮೇಲೆ ಕೆಳಗಿಂದ ಬಂದ ಕೇಬಲ್ಲನ್ನ ವ್ಯಾನ್‌ನಿಂದ ಕಿತ್ತು ಯಾವುದಾದ್ರೂ ಲ್ಯಾನ್ ತೂತಿಗೆ ಹಾಕಿ. ಡಿಎಚ್‌ಸಿಪಿ ಆಫ್ ಮಾಡೋಕೆ ಮುಂಚೆ ಕೇಬಲ್ ಬದಲಿಸಿದ್ರೆ ಒಂದೇ ಮನೇಲಿ ಇಬ್ಬರು ವಿಳಾಸ ಹಂಚೋರಾಗ್ತಾರೆ, ಯಾವ ಫೋನಿಗೆ ಯಾರ ವಿಳಾಸ ಸಿಕ್ತು ಅಂತ ಗೊತ್ತಾಗಲ್ಲ. 192.168.1.2 ಬೇರೆ ಯಾರಿಗೂ ಹೋಗದ ಹಾಗೆ ಕೆಳಗಿನ ಮೋಡೆಮ್‌ನ ಹಂಚಿಕೆ 192.168.1.50ರಿಂದ ಶುರುವಾಗ್ಲಿ. ಸರ್ವರ್‌ನ 20 ಕೂಡ ಆಗ ಭದ್ರ.

ಎರಡೂ ಕಡೆ ‘ಎಪಿ ಐಸೊಲೇಶನ್’ (ವೈಫೈ ಸಾಧನಗಳು ಒಂದನ್ನೊಂದು ಮುಟ್ಟದ ಹಾಗೆ ತಡೆಯೋದು) ಆಫ್ ಇರ್ಬೇಕು. ಗೆಸ್ಟ್ ವೈಫೈಗೆ ಟಿವಿ ಸೇರಿಸ್ಬೇಡಿ, ಅಲ್ಲಿಂದ ಮನೆ ಒಳಗಿನ ಯಾವ ಸಾಧನಕ್ಕೂ ದಾರಿ ಇರಲ್ಲ.

ಭದ್ರಾ ನಾಲೆ | ಬೆಳಿಗ್ಗೆ 9.02

ತುರುವನೂರು ರಸ್ತೆಯವರು ಹೇಳಿದ್ದು ಪೂರ್ತಿ ಸರಿ. ಆದರೆ ಅವರೇ ಹೇಳಿದಂತೆ ವಿಳಾಸ ಕೊಟ್ಟರೆ ಬೇಲಿಯ ಒಳಗಿಂದಲೂ ತಲುಪಬೇಕಿತ್ತು. ತಲುಪುತ್ತಿಲ್ಲ. ಅಂದರೆ ಇನ್ನೊಂದು ತಡೆ ಇದೆ.

ಕೋಡಿಯಲ್ಲಿ ಸೆಟ್ಟಿಂಗ್ಸ್, ಸರ್ವೀಸಸ್, ‘ಎಸ್‌ಎಂಬಿ ಕ್ಲೈಂಟ್’ ತೆರೆಯಿರಿ. ಕಾಣದಿದ್ದರೆ ಕೆಳಗಿನ ಗಿಯರ್ ಚಿಹ್ನೆ ಒತ್ತುತ್ತಾ ‘ಎಕ್ಸ್‌ಪರ್ಟ್’ ಮಟ್ಟಕ್ಕೆ ಬನ್ನಿ. ಅಲ್ಲಿ ‘ಮ್ಯಾಕ್ಸಿಮಮ್ ಪ್ರೋಟೋಕಾಲ್ ವರ್ಷನ್’ ಏನಿದೆ? ಹಿಂದೆ ರೌಟರಿಗೆ ಪೆನ್‌ಡ್ರೈವ್ ಚುಚ್ಚಿ ನೋಡುವಾಗ ಯಾರಾದರೂ ಅದನ್ನು ಎಸ್‌ಎಂಬಿ 1ಕ್ಕೆ ಇಳಿಸಿರುತ್ತಾರೆ, ಹಳೆಯ ರೌಟರ್‌ಗಳ ಯುಎಸ್‌ಬಿ ಹಂಚಿಕೆಗೆ ಅದೊಂದೇ ಭಾಷೆ ಗೊತ್ತಿರುತ್ತದೆ.

ಮ್ಯಾಕ್ಸಿಮಮ್ ಎಸ್‌ಎಂಬಿ 3, ಮಿನಿಮಮ್ ಎಸ್‌ಎಂಬಿ 2 ಇಡಿ. ‘ಲೆಗಸಿ ಸೆಕ್ಯೂರಿಟಿ’ ಆಫ್. ಕೋಡಿ ಮುಚ್ಚಿ ತೆರೆಯಿರಿ.

ಅದರ ಜೊತೆಗೆ ಸರ್ವರ್ ಬದಿಯಿಂದ ಇದಿಷ್ಟು ಹಾಕಿ. ಕಮಾಂಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ, ದೊಡ್ಡಕ್ಷರ ಎಂದು ಹೇಳದ ಕಡೆಯೆಲ್ಲ, ಇಂಗ್ಲಿಷಿನ ಸಣ್ಣಕ್ಷರದಲ್ಲೇ ಹೊಡೆಯಬೇಕು.

‘ಟೆಸ್ಟ್‌ಪಾರ್ಮ್ -ಎಸ್’: ಸೆಟ್ಟಿಂಗ್ ಕಡತದಲ್ಲಿ ಕಾಗುಣಿತ ತಪ್ಪಿದ್ದರೆ ಇದು ಹಿಡಿಯುತ್ತದೆ. 
‘ಎಸ್‌ಎಸ್ -ಟಿಎಲ್‌ಎನ್’: 445 ಎದುರು 0.0.0.0 ಇರಬೇಕು. 127.0.0.1 ಮಾತ್ರ ಇದ್ದರೆ ಸರ್ವರ್ ತನ್ನೊಂದಿಗೇ ಮಾತಾಡಿಕೊಳ್ಳುತ್ತಿದೆ ಎಂದರ್ಥ. 
‘ಸುಡೋ ಯುಎಫ್‌ಡಬ್ಲ್ಯು ಸ್ಟೇಟಸ್’: ಫೈರ್‌ವಾಲ್ ಎದ್ದಿದ್ದರೆ 192.168.1.0/24ರಿಂದ ಸಾಂಬಾಕ್ಕೆ ಅನುಮತಿ ಇರಬೇಕು. 
‘ಸುಡೋ ಪಿಡಿಬಿಎಡಿಟ್ -ಎಲ್’ (ಈ ಎಲ್ ಮಾತ್ರ ದೊಡ್ಡಕ್ಷರ): ಇದರಲ್ಲಿ ‘ಟಿವಿ’ ಹೆಸರು ಕಾಣಬೇಕು. ಲಿನಕ್ಸ್‌ನ ಪಾಸ್‌ವರ್ಡೇ ಬೇರೆ, ಸಾಂಬಾದ ಪಾಸ್‌ವರ್ಡೇ ಬೇರೆ, ಎರಡಕ್ಕೂ ಸಂಬಂಧ ಇಲ್ಲ.

445 ಅನ್ನು ಮೋಡೆಮ್‌ನಲ್ಲಿ ಪೋರ್ಟ್ ಫಾರ್ವರ್ಡ್ ಮಾಡಿ ಹೊರಗಿನ ಜಗತ್ತಿಗೆ ತೆರೆಯಬೇಡಿ, ಪರೀಕ್ಷೆಗೆಂದು ಐದು ನಿಮಿಷಕ್ಕೂ ಬೇಡ.

ನಿಟ್ಟುವಳ್ಳಿ ಮನೆ | ಬೆಳಿಗ್ಗೆ 11.20

ಮ್ಯಾಕ್ಸಿಮಮ್ ಎಸ್‌ಎಂಬಿ 1 ಇತ್ತು! 3ಕ್ಕೆ ಏರಿಸಿದೆ, ತಕ್ಷಣ ಶೇರ್ ತೆರೀತು. ರೌಟರೂ ಎಪಿ ಮಾಡಿದೆ, ಬಾಕ್ಸ್‌ಗೆ ಈಗ 192.168.1.57 ಬಂದೈತಿ.

ಆದ್ರ ಶೇರ್ ಒಳಗ ಹೋದ್ರ ‘ಪರ್ಮಿಶನ್ ಡಿನೈಡ್’. ಲ್ಯಾಪ್‌ಟಾಪ್‌ನಾಗ ನನ್ನ ಹೆಸರಿಂದ ಹೋದ್ರ ಎಲ್ಲಾ ಕಾಣ್ತಾವ, ಅಲ್ಲೇ ‘ಟಿವಿ’ ಹೆಸರಿಂದ ಹೋದ್ರ ಅಲ್ಲೂ ಡಿನೈಡ್. ಶೇರ್‌ನ ದಾರಿ /ಮೀಡಿಯಾ/ನನ್ನಹೆಸರು/ಸಿನಿಮಾಡಿಸ್ಕ್. ಎಲ್ಲರಿಗೂ ಪೂರ್ತಿ ಅನುಮತಿ ಇರಲಿ ಅಂತ ಚಿಮೋಡ್ 777 ಕೊಟ್ಟೆ, ಏನೂ ಆಗ್ಲಿಲ್ಲ.

ಭದ್ರಾ ನಾಲೆ | ಬೆಳಿಗ್ಗೆ 11.45

ಅದೇ ಲ್ಯಾಪ್‌ಟಾಪ್, ಅದೇ ನೆಟ್‌ವರ್ಕ್, ಬಳಕೆದಾರ ಮಾತ್ರ ಬೇರೆ: ಈಗ ಪರೀಕ್ಷೆ ಸರಿಯಾಗಿ ಮಾಡಿದ್ದೀರಿ. ಉತ್ತರ ನಿಮ್ಮ ದಾರಿಯಲ್ಲೇ ಇದೆ.

ಉಬುಂಟು ಡೆಸ್ಕ್‌ಟಾಪ್‌ನಲ್ಲಿ ಯುಎಸ್‌ಬಿ ಡಿಸ್ಕ್ ಚುಚ್ಚಿದಾಗ ಅದು ತಾನಾಗಿ /ಮೀಡಿಯಾ/ಬಳಕೆದಾರ/ ಒಳಗೆ ಕೂರುತ್ತದೆ. ಆ ಮಧ್ಯದ ಫೋಲ್ಡರ್ ರೂಟ್‌ನದು, ಲಾಗಿನ್ ಆದವನೊಬ್ಬನಿಗೆ ಮಾತ್ರ ಒಳಗೆ ಹೋಗಲು ವಿಶೇಷ ಅನುಮತಿ ಇರುತ್ತದೆ. ಕೊನೆಯ ಕೋಣೆಗೆ ನೀವು 777 ಬಾಗಿಲು ಇಟ್ಟರೂ ನಡುಮನೆಯ ಬಾಗಿಲಲ್ಲೇ ‘ಟಿವಿ’ಯನ್ನು ತಡೆಯುತ್ತಾರೆ. ಲಿನಕ್ಸ್‌ನಲ್ಲಿ ಒಂದು ಕಡತ ಮುಟ್ಟಬೇಕಾದರೆ ದಾರಿಯ ಪ್ರತಿ ಫೋಲ್ಡರಿಗೂ ದಾಟುವ ಅನುಮತಿ, ಅಂದರೆ ಎಕ್ಸ್ ಬಿಟ್, ಬೇಕು. ‘ನೇಮ್‌ಐ -ಎಲ್’ ಎಂದು ಬರೆದು ಮುಂದೆ ಪೂರ್ತಿ ದಾರಿ ಕೊಡಿ. ಒಂದೊಂದು ಮೆಟ್ಟಿಲ ಅನುಮತಿಯೂ ಸಾಲಾಗಿ ಬರುತ್ತದೆ, ಎಲ್ಲಿ ಸಿಕ್ಕಿಕೊಂಡಿದೆ ಎಂದು ಕಣ್ಣಿಗೇ ಕಾಣುತ್ತದೆ.

ಇನ್ನು 777 ಯಾಕೆ ಹತ್ತಲಿಲ್ಲ ಅಂದರೆ, ಎನ್‌ಟಿಎಫ್‌ಎಸ್ ಡಿಸ್ಕ್‌ನ ಅನುಮತಿ ಸಾಮಾನ್ಯವಾಗಿ ಮೌಂಟ್ ಮಾಡುವಾಗಲೇ, ಅಂದರೆ ಡಿಸ್ಕನ್ನು ಒಂದು ಫೋಲ್ಡರಿಗೆ ಕೂರಿಸುವಾಗಲೇ, ತೀರ್ಮಾನ ಆಗುತ್ತದೆ. ಆಮೇಲೆ ಚಿಮೋಡ್ ಹೊಡೆದರೆ ನಿಲ್ಲುವುದಿಲ್ಲ.

ಡಿಸ್ಕನ್ನು /ಎಸ್‌ಆರ್‌ವಿ/ಸಿನಿಮಾ ಎಂಬ ಜಾಗಕ್ಕೆ ಖಾಯಂ ಮಾಡಿ.

1. ‘ಸುಡೋ ಗ್ರೂಪ್‌ಆ್ಯಡ್ ಮಾಧ್ಯಮ’ ಥರ ಒಂದು ಗುಂಪು ಮಾಡಿ, ಹೆಸರು ಇಂಗ್ಲಿಷ್ ಅಕ್ಷರದಲ್ಲಿ. ‘ಟಿವಿ’ ಬಳಕೆದಾರನನ್ನು ಅದಕ್ಕೆ ಸೇರಿಸಿ. ‘ಗೆಟ್‌ಎಂಟ್ ಗ್ರೂಪ್’ ಹೊಡೆದರೆ ಗುಂಪಿನ ಸಂಖ್ಯೆ ಸಿಗುತ್ತದೆ.
2. ‘ಬಿಎಲ್‌ಕೆಐಡಿ’ಯಿಂದ ಡಿಸ್ಕ್‌ನ ಯುಯುಐಡಿ (ಅದರ ಖಾಯಂ ಗುರುತಿನ ಸಂಖ್ಯೆ) ತೆಗೆದುಕೊಳ್ಳಿ. ಎಸ್‌ಡಿಬಿ1 ಎಂಬ ಹೆಸರು ನಂಬಬೇಡಿ, ಇನ್ನೊಂದು ಪೆನ್‌ಡ್ರೈವ್ ಚುಚ್ಚಿದ ದಿನ ಅದು ಬದಲಾಗುತ್ತದೆ.
3. ಯಾವ ಡಿಸ್ಕ್ ಎಲ್ಲಿ ಕೂರಬೇಕೆಂದು ಬರೆದಿಡುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಹೊಸ ಸಾಲು: ಯುಯುಐಡಿ, ಮೌಂಟ್ ಜಾಗ, ಬಗೆ ಎನ್‌ಟಿಎಫ್‌ಎಸ್-3ಜಿ, ಆಮೇಲೆ ಆಯ್ಕೆಗಳು. ಯುಐಡಿ 1000, ಜಿಐಡಿ ನಿಮ್ಮ ಗುಂಪಿನ ಸಂಖ್ಯೆ, ಡಿಮಾಸ್ಕ್ 0027, ಎಫ್‌ಮಾಸ್ಕ್ 0137, ನೋಫೇಲ್. ಕೊನೆಗೆ 0 0. ಆಯ್ಕೆಗಳ ನಡುವೆ ಅಲ್ಪವಿರಾಮ ಮಾತ್ರ, ಖಾಲಿ ಜಾಗ ಬಿಡಬಾರದು.
4. ‘ಸುಡೋ ಮೌಂಟ್ -ಎ’ ಹೊಡೆದು ದೋಷ ಬರದಿದ್ದರೆ ಮಾತ್ರ ರೀಬೂಟ್.

ಹೀಗಿಟ್ಟರೆ ನೀವು ಓದಿ ಬರೆಯಬಹುದು, ‘ಟಿವಿ’ ಓದಬಹುದು, ಉಳಿದವರಿಗೆ ಏನೂ ಇಲ್ಲ. ಸಾಂಬಾ ಶೇರ್‌ನಲ್ಲೂ ‘ರೀಡ್ ಓನ್ಲಿ’ ಎಸ್ ಎಂದಿಟ್ಟು ‘ರೈಟ್ ಲಿಸ್ಟ್’ನಲ್ಲಿ ನಿಮ್ಮೊಬ್ಬರ ಹೆಸರು ಹಾಕಿ. ಟಿವಿ ರಿಮೋಟ್ ಮಕ್ಕಳ ಕೈಯಲ್ಲಿರುತ್ತದೆ, ಕೋಡಿಯಲ್ಲಿ ಕಡತ ಅಳಿಸುವ ಆಯ್ಕೆಯನ್ನು ಆನ್ ಮಾಡಿಬಿಟ್ಟರೆ ಒಂದೇ ಒತ್ತಿಗೆ ಹೋಗುತ್ತದೆ.

ಹದಡಿ ರೋಡ್ | ಮಧ್ಯಾಹ್ನ 12.30

ಒಂದು ಮಾತು ಸೇರಿಸ್ತೀನಿ. ಆ ಡಿಸ್ಕನ್ನ ಯಾವಾಗಾದರೂ ವಿಂಡೋಸ್‌ಗೆ ಚುಚ್ಚಿಕೊಂಡೇ ಶಟ್‌ಡೌನ್ ಮಾಡಿದ್ರ, ‘ಫಾಸ್ಟ್ ಸ್ಟಾರ್ಟಪ್’ ಇದ್ದಾಗ ಅದು ಪೂರ್ತಿ ಮುಚ್ಚಿರಂಗಿಲ್ಲ. ಲಿನಕ್ಸ್ ಅಂಥ ಡಿಸ್ಕನ್ನ ಬರೀ ಓದಲಿಕ್ಕೆ ಮೌಂಟ್ ಮಾಡ್ತೈತಿ, ಇಲ್ಲಾ ಮೌಂಟೇ ಮಾಡಂಗಿಲ್ಲ. ವಿಂಡೋಸ್‌ನಾಗ ಕಂಟ್ರೋಲ್ ಪ್ಯಾನೆಲ್, ಪವರ್ ಆಪ್ಷನ್ಸ್ ಒಳಗ ಫಾಸ್ಟ್ ಸ್ಟಾರ್ಟಪ್ ತೆಗೆದು, ಡಿಸ್ಕ್ ಮ್ಯಾಲೆ ‘ಸಿಎಚ್‌ಕೆಡಿಎಸ್‌ಕೆ /ಎಫ್’ ಓಡಿಸಿ, ‘ಎಜೆಕ್ಟ್’ ಮಾಡಿ ತೆಗೀರಿ. ಮುಂದ ಒಂದು ದಿನ ಹೊಸ ಡಿಸ್ಕ್ ತಂದಾಗ ಲಿನಕ್ಸ್‌ನದೇ ಫಾರ್ಮ್ಯಾಟ್ ಎಕ್ಸ್ಟ್4 ಹಾಕ್ಕೊಳ್ರಿ, ಯಾವಾಗಲೂ ಲಿನಕ್ಸ್‌ಗೇ ಅಂಟಿಕೊಂಡಿರೋ ಡಿಸ್ಕ್‌ಗೆ ಎನ್‌ಟಿಎಫ್‌ಎಸ್ ಯಾಕ?

ಜೋಗಿಮಟ್ಟಿ | ಮಧ್ಯಾಹ್ನ 1.10

ಎಸ್‌ಎಂಬಿ ಬದಲು ಲಿನಕ್ಸ್ ಕಡೆಯ ಫೈಲ್ ಹಂಚಿಕೆ ಎನ್‌ಎಫ್‌ಎಸ್ ಹಾಕಿದರೆ ಈ ಪಾಸ್‌ವರ್ಡ್ ಗೋಜೇ ಇರುವುದಿಲ್ಲವಲ್ಲ?

ಭದ್ರಾ ನಾಲೆ | ಮಧ್ಯಾಹ್ನ 1.40

ಇರುವುದಿಲ್ಲ, ಸಣ್ಣ ಪ್ರೊಸೆಸರಿನ ಬಾಕ್ಸ್‌ಗೆ ಹಗುರವೂ ಹೌದು. ಆದರೆ ಎಕ್ಸ್‌ಪೋರ್ಟ್ಸ್ ಕಡತದಲ್ಲಿ ‘ಇನ್‌ಸೆಕ್ಯೂರ್’ ಎಂಬ ಆಯ್ಕೆ ಬರೆಯದಿದ್ದರೆ ಕೋಡಿಗೆ ‘ಪರ್ಮಿಶನ್ ಡಿನೈಡ್’ ಬರುತ್ತದೆ. ಕೋಡಿ ಸಾಮಾನ್ಯ ಆ್ಯಪ್ ಆಗಿರುವುದರಿಂದ 1024ಕ್ಕಿಂತ ಮೇಲಿನ ಪೋರ್ಟ್‌ನಿಂದ ಮಾತಾಡುತ್ತದೆ. ಎನ್‌ಎಫ್‌ಎಸ್ ಸರ್ವರ್ ಅದಕ್ಕಿಂತ ಕೆಳಗಿನ ಪೋರ್ಟನ್ನು ಮಾತ್ರ ನಂಬುತ್ತದೆ. ಆ ಹೆಸರು ಕೇಳಿ ಹೆದರಬೇಕಿಲ್ಲ, ಅದರ ಅರ್ಥ ಅಷ್ಟೇ. ‘ಆರ್‌ಒ’ (ಓದಲು ಮಾತ್ರ), ‘ಆಲ್_ಸ್ಕ್ವಾಶ್’ (ಬಂದವರೆಲ್ಲ ಅನಾಮಿಕರು), ‘ಇನ್‌ಸೆಕ್ಯೂರ್’ ಮೂರನ್ನೂ ಹಾಕಿ, 192.168.1.0/24ಕ್ಕೆ ಮಾತ್ರ ಕೊಟ್ಟು, ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಹೊಡೆಯಿರಿ. ಇವರಿಗೆ ಮಾತ್ರ ಡಿಸ್ಕ್ ಎನ್‌ಟಿಎಫ್‌ಎಸ್ ಇರುವ ತನಕ ಸಾಂಬಾವೇ ವಾಸಿ.

ವಿದ್ಯಾನಗರ ಲಾಸ್ಟ್ ಸ್ಟಾಪ್ | ಮಧ್ಯಾಹ್ನ 2.05

ಮಧ್ಯೆ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಗೆಸ್ಟ್ ಶೇರ್ ಇಟ್ಟಿದ್ದೆ. ವಿಂಡೋಸ್ 11ರ 24ಎಚ್2 ಬಂದ ಮೇಲೆ ಆ ಲ್ಯಾಪ್‌ಟಾಪ್‌ನಿಂದ ತೆರೀತಿಲ್ಲ, ಟಿವಿಯಲ್ಲಿ ತೆರೆಯುತ್ತೆ.

ಭದ್ರಾ ನಾಲೆ | ಮಧ್ಯಾಹ್ನ 2.20

ಅಕ್ಕಾ, 24ಎಚ್2ರಲ್ಲಿ ಎಸ್‌ಎಂಬಿ ಸಹಿ ಕಡ್ಡಾಯ ಆಗಿದೆ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ, ಸಹಿ ಹಾಕಲು ಬೇಕಾದ ಕೀಲಿ ಪಾಸ್‌ವರ್ಡ್‌ನಿಂದಲೇ ಹುಟ್ಟಬೇಕು, ಹಾಗಾಗಿ ಗೆಸ್ಟ್ ನಡೆಯುವುದಿಲ್ಲ. ವಿಂಡೋಸ್‌ನ ಭದ್ರತೆ ಇಳಿಸುವ ಬದಲು ಸರ್ವರ್‌ನಲ್ಲೇ ಲಾಗಿನ್ ಶೆಲ್ ಇಲ್ಲದ ಒಬ್ಬ ಬಳಕೆದಾರನನ್ನು ಮಾಡಿ, ಸಾಂಬಾ ಪಾಸ್‌ವರ್ಡ್ ಕೊಟ್ಟು, ಲ್ಯಾಪ್‌ಟಾಪ್‌ನಲ್ಲಿ ಒಮ್ಮೆ ಹಾಕಿ ನೆನಪಿಟ್ಟುಕೊಳ್ಳಲು ಹೇಳಿ. ಎರಡು ನಿಮಿಷದ ಕೆಲಸ.

ನಿಟ್ಟುವಳ್ಳಿ ಮನೆ | ಸಂಜೆ 6.50

ಎಫ್‌ಎಸ್‌ಟ್ಯಾಬ್ ಸಾಲು ಹಾಕಿದೆ, ‘ಟಿವಿ’ ಹೆಸರಿಂದ ಎಲ್ಲಾ ಕಾಣ್ತಾವ ರೀ. ಸಣ್ಣ ಫೈಲ್ ಚೆಂದ ಓಡ್ತಾವ. ಒಂದು 4ಕೆ ಫೈಲ್ ಮಾತ್ರ ನಾಕೈದು ನಿಮಿಷಕ್ಕೊಮ್ಮೆ ನಿಂತು ನಿಂತು ಹೋಗ್ತೈತಿ. 54 ಜಿಬಿ, 2 ತಾಸು 10 ನಿಮಿಷ. ಬಾಕ್ಸ್ 5 ಗಿಗಾಹರ್ಟ್ಸ್ ವೈಫೈನಾಗ ಐತಿ, ರೌಟರ್ ಅದೇ ಕೋಣೆಯೊಳಗ.

ಹದಡಿ ರೋಡ್ | ಸಂಜೆ 7.25

ಲೆಕ್ಕ ಮೊದಲು. 54 ಜಿಬಿ ಅಂದ್ರ ಸುಮಾರು 4,32,000 ಮೆಗಾಬಿಟ್. 7,800 ಸೆಕೆಂಡಿಗೆ ಭಾಗಿಸ್ರಿ: ಸರಾಸರಿ 55 ಎಂಬಿಪಿಎಸ್. ಸರಾಸರಿ ನೋಡಿ ಸಮಾಧಾನ ಪಡಬಾರ್ದು, ಮಳೆ, ಬೆಂಕಿ, ಜನಜಂಗುಳಿ ಇರೋ ದೃಶ್ಯದಾಗ 4ಕೆ ಡಿಸ್ಕ್ ಪ್ರತಿ 100 ದಾಟ್ತೈತಿ. ನಿಮ್ಮ ದಾರಿಯೊಳಗ ಎಲ್ಲೋ ಒಂದು ಕಡೆ 100ರ ಕೊರಳು ಐತಿ.

ಸರ್ವರ್‌ನಾಗ ನೆಟ್‌ವರ್ಕ್ ವೇಗ ಅಳೆಯೋ ‘ಐಪರ್ಫ್3 -ಎಸ್’ ಓಡಿಸಿ ಬಿಡ್ರಿ. ಲ್ಯಾಪ್‌ಟಾಪನ್ನ ಟಿವಿ ಪಕ್ಕದಾಗಿಟ್ಟು, ಅದೇ 5 ಗಿಗಾಹರ್ಟ್ಸ್ ವೈಫೈಗೆ ಸೇರಿಸಿ ‘ಐಪರ್ಫ್3 -ಸಿ 192.168.1.20 -ಆರ್’ ಹೊಡೀರಿ. ಆ ‘-ಆರ್’ ಮರೀಬೇಡ್ರಿ, ಅದು ದೊಡ್ಡಕ್ಷರ, ಸರ್ವರ್‌ನಿಂದ ಟಿವಿ ಕಡೆ ಹರಿಯೋದನ್ನ ಅಳೀಬೇಕು, ಉಲ್ಟಾ ಅಲ್ಲ. ಆಮೇಲೆ ಅದೇ ಪರೀಕ್ಷೆ ಮಹಡಿ ರೌಟರ್‌ಗೆ ಕೇಬಲ್ ಹಾಕಿ.

ನಿಟ್ಟುವಳ್ಳಿ ಮನೆ | ರಾತ್ರಿ 8.10

ವೈಫೈ 92, ಕೇಬಲ್ 94.

ಹದಡಿ ರೋಡ್ | ರಾತ್ರಿ 8.18

ಸಿಕ್ತು ನೋಡ್ರಿ. ಕೇಬಲ್‌ನಾಗ ಕರಾರುವಾಕ್ಕಾಗಿ 94 ಬಂದ್ರ ಅದು 100 ಎಂಬಿಪಿಎಸ್ ಕೊಂಡಿಯ ಗುರುತು. ಗಿಗಾಬಿಟ್ ಇದ್ದಿದ್ರ 930, 940 ಬರ್ತಿತ್ತು. ವೈಫೈಯೂ ಅಲ್ಲೇ ನಿಂತೈತಿ ಅಂದ್ರ ತಪ್ಪು ವೈಫೈದಲ್ಲ, ಎರಡೂ ಒಂದೇ ಕೊರಳಿನಿಂದ ಕುಡೀತಾವ: ಕೆಳಗಿಂದ ಮಹಡಿಗೆ ಎಳೆದ ಕೇಬಲ್.

ಮೊದಲು ಮಹಡಿ ರೌಟರ್‌ನ ಲ್ಯಾನ್ ಪೋರ್ಟ್ ಗಿಗಾಬಿಟ್ ಐತೇನು ನೋಡ್ರಿ, ಅಗ್ಗದ ರೌಟರ್‌ಗಳೊಳಗ ವೈಫೈ ಮ್ಯಾಲೆ ದೊಡ್ಡ ಅಂಕಿ ಬರೆದು ಪೋರ್ಟ್ 100ದ್ದೇ ಇಟ್ಟಿರ್ತಾರ. ಮೋಡೆಮ್‌ನಾಗೂ ಒಂದೇ ಪೋರ್ಟ್ ಗಿಗಾಬಿಟ್ ಇದ್ದು ಉಳಿದವು 100 ಇರೋದುಂಟು. ಎರಡೂ ಸರಿ ಇದ್ರ ಕೇಬಲ್‌ನ ಎರಡೂ ತುದಿಯ ಕನೆಕ್ಟರ್ ಬೆಳಕಿಗೆ ಹಿಡೀರಿ. 100ಕ್ಕೆ 1, 2, 3, 6 ನಾಲ್ಕೇ ತಂತಿ ಸಾಕು. ಗಿಗಾಬಿಟ್‌ಗೆ ಎಂಟೂ ಬೇಕು. ಒಂದು ತಂತಿ ತುದಿ ಮುಟ್ಟದಿದ್ರೂ ಎರಡೂ ಕಡೆಯವು ಸದ್ದಿಲ್ಲದ 100ಕ್ಕ ಇಳೀತಾವ. ಇಂಟರ್ನೆಟ್ ಪ್ಲಾನ್ 50, 60 ಇದ್ದಾಗ ಈ ದೋಷ ವರ್ಷಗಟ್ಟಲೆ ಯಾರ ಕಣ್ಣಿಗೂ ಬೀಳಂಗಿಲ್ಲ.

ಮತ್ತ ಕ್ರಿಂಪ್ ಮಾಡಬೇಕಾದ್ರ, ಕನೆಕ್ಟರ್‌ನ ಚಿನ್ನದ ಹಲ್ಲು ನಿಮ್ಮ ಕಡೆ ಇಟ್ಟು ಎಡದಿಂದ: ಬಿಳಿಕಿತ್ತಳೆ, ಕಿತ್ತಳೆ, ಬಿಳಿಹಸಿರು, ನೀಲಿ, ಬಿಳಿನೀಲಿ, ಹಸಿರು, ಬಿಳಿಕಂದು, ಕಂದು. ಎರಡೂ ತುದಿ ಇದೇ ಕ್ರಮ. ತಂತಿಯ ಹೆಣಿಗೆ 13 ಮಿಲಿಮೀಟರ್‌ಗಿಂತ ಹೆಚ್ಚು ಬಿಚ್ಚಬಾರ್ದು, ಹೊರಗಿನ ತೊಗಟೆ ಕನೆಕ್ಟರ್ ಒಳಗ ಕಚ್ಚಿ ಹಿಡೀಬೇಕು. ತಂತಿ ಚಾಕುವಿನಿಂದ ಕೆರೆದಾಗ ಒಳಗ ಬೆಳ್ಳಗೆ ಕಂಡ್ರ ಅದು ತಾಮ್ರ ಲೇಪಿಸಿದ ಅಲ್ಯೂಮಿನಿಯಂ. ಅದು ಬಾಗಿಸಿದಲ್ಲೇ ಮುರೀತೈತಿ. ಅಂಥದಿದ್ರ ಪೂರ್ತಿ ತಾಮ್ರದ ಕ್ಯಾಟ್ 5ಇ ಅಥವಾ ಕ್ಯಾಟ್ 6 ಎಳೆಸ್ರಿ. ಮನೆಯ ಅಂತರಕ್ಕ 5ಇ ಧಾರಾಳ.

ತುರುವನೂರು ರಸ್ತೆ | ರಾತ್ರಿ 8.40

ಇದಕ್ಕೆ ಸೇರಿದ್ದು: ಕೇಬಲ್ ಸರಿ ಆದ್ಮೇಲೆ ಬಾಕ್ಸನ್ನ ವೈಫೈನಲ್ಲೇ ಬಿಡಿ. ಬಹಳಷ್ಟು ಟಿವಿಗಳ, ಅಗ್ಗದ ಬಾಕ್ಸ್‌ಗಳ ಈಥರ್ನೆಟ್ ಪೋರ್ಟ್ 100ದ್ದೇ. ಒಂದೇ ಕೋಣೆಯ 5 ಗಿಗಾಹರ್ಟ್ಸ್ ಅದಕ್ಕಿಂತ ಜೋರು. ನಮ್ಮ ಕಡೆಯ ಕಲ್ಲಿನ ಗೋಡೆ ಮನೆಗಳಲ್ಲಿ ಮಾತ್ರ ಲೆಕ್ಕ ಬೇರೆ. ದಪ್ಪ ಕಲ್ಲುಗೋಡೆ ಒಂದು ಅಡ್ಡ ಬಂದ್ರೂ 5 ಗಿಗಾಹರ್ಟ್ಸ್ ಸೊರಗಿ ಹೋಗುತ್ತೆ, ಬಾಕ್ಸ್ ಮೆಲ್ಲಗೆ 2.4ಕ್ಕೆ ಜಾರುತ್ತೆ. ಅಂಥ ಕಡೆ ರೌಟರ್ ಟಿವಿ ಇರೋ ಕೋಣೆಗೇ ಬರ್ಬೇಕು, ಗೋಡೆಯ ಕೆಲಸ ಕೇಬಲ್ ಮಾಡ್ಲಿ.

ನಂದೊಂದು ಪ್ರಶ್ನೆನೂ ಐತೆ. ಕರೆಂಟ್ ಹೋಗಿ ಬಂದ ಮೇಲೆ ಶೇರ್ ಕೆಲವು ಸಲ ಸಿಗಲ್ಲ, ಸಾಂಬಾ ರೀಸ್ಟಾರ್ಟ್ ಮಾಡಿದ್ರೆ ಸರಿ ಹೋಗುತ್ತೆ. ಕೆಲವು ಸಲ ಶೇರ್ ತೆರೆಯುತ್ತೆ, ಒಳಗೆ ಖಾಲಿ.

ಭದ್ರಾ ನಾಲೆ | ರಾತ್ರಿ 9.15

ಎರಡು ಬೇರೆ ರೋಗ.

ಮೊದಲನೆಯದು: ಸೆಟ್ಟಿಂಗ್‌ನಲ್ಲಿ ‘ಬೈಂಡ್ ಇಂಟರ್ಫೇಸಸ್ ಓನ್ಲಿ’ ಎಸ್ ಇದೆಯೇ? ಸರ್ವರ್ ಅರ್ಧ ನಿಮಿಷದಲ್ಲಿ ಏಳುತ್ತದೆ, ಫೈಬರ್ ಡಬ್ಬಿ ಎದ್ದು ವಿಳಾಸ ಹಂಚಲು ಎರಡು ಮೂರು ನಿಮಿಷ ಬೇಕು. ಸಾಂಬಾ ಶುರುವಾಗುವ ಹೊತ್ತಿಗೆ ನೆಟ್‌ವರ್ಕ್ ಕಾರ್ಡಿಗೆ ವಿಳಾಸವೇ ಇಲ್ಲದಿದ್ದರೆ ಅದು 445ರಲ್ಲಿ ಕಿವಿ ಇಡುವುದಿಲ್ಲ. ಸರ್ವರ್‌ಗೆ ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ಆದ ನೆಟ್‌ಪ್ಲಾನ್‌ನಲ್ಲಿ ಸ್ಥಿರ ವಿಳಾಸ ಕೊಡಿ, ಡಬ್ಬಿಗಾಗಿ ಕಾಯುವುದೇ ತಪ್ಪುತ್ತದೆ. ಡಬ್ಬಿಗೆ 12 ವೋಲ್ಟ್‌ನ ಸಣ್ಣ ಯುಪಿಎಸ್ ಹಾಕಿದರೆ ಇನ್ನೂ ಒಳ್ಳೆಯದು.

ಎರಡನೆಯದು ಅಪಾಯದ್ದು. ‘ನೋಫೇಲ್’ ಇರುವುದರಿಂದ ಡಿಸ್ಕ್ ಏಳದಿದ್ದರೂ ಸರ್ವರ್ ಬೂಟ್ ಆಗುತ್ತದೆ. ಆಗ /ಎಸ್‌ಆರ್‌ವಿ/ಸಿನಿಮಾ ಬರಿಯ ಖಾಲಿ ಫೋಲ್ಡರ್, ಸಾಂಬಾ ಅದನ್ನೇ ಹಂಚುತ್ತದೆ. ಆ ಹೊತ್ತಿಗೆ ಕೋಡಿಯ ‘ಕ್ಲೀನ್ ಲೈಬ್ರರಿ’ ಓಡಿದರೆ ಕಡತಗಳೆಲ್ಲ ಹೋದವೆಂದು ತಿಳಿದು ಪಟ್ಟಿಯನ್ನು, ನೋಡಿದ ಗುರುತುಗಳ ಸಮೇತ, ಒರೆಸಿ ಹಾಕುತ್ತದೆ. ಸಿನಿಮಾ ಉಳಿಯುತ್ತದೆ, ಜೋಡಿಸಿಟ್ಟ ಪಟ್ಟಿ ಹೋಗುತ್ತದೆ. ತಡೆಯಲು ‘ಸಿಸ್ಟಮ್‌ಸಿಟಿಎಲ್ ಎಡಿಟ್ ಎಸ್‌ಎಂಬಿಡಿ’ ಹೊಡೆದು ಯೂನಿಟ್ ಭಾಗದಲ್ಲಿ ‘ರಿಕ್ವೈರ್ಸ್‌ಮೌಂಟ್ಸ್‌ಫಾರ್’ ಎಂದು (ಆರ್, ಎಂ, ಎಫ್ ಮೂರೂ ದೊಡ್ಡಕ್ಷರ) ಬರೆದು ಮುಂದೆ ಆ ಜಾಗ ಕೊಡಿ. ಡಿಸ್ಕ್ ಕೂರದಿದ್ದರೆ ಸಾಂಬಾವೇ ಏಳುವುದಿಲ್ಲ. ಬೇರೆ ಶೇರ್‌ಗಳೂ ಆಗ ಸಿಗುವುದಿಲ್ಲ ಎಂಬುದು ನೆನಪಿರಲಿ. ಇನ್ನೊಂದು ಬೀಗ: ಡಿಸ್ಕ್ ಬಿಚ್ಚಿರುವಾಗ ಆ ಖಾಲಿ ಫೋಲ್ಡರಿಗೆ ‘ಸುಡೋ ಸಿಎಚ್‌ಎಟಿಟಿಆರ್ +ಐ’ ಹಾಕಿ, ಮೌಂಟ್ ಆಗದ ದಿನ ಅದರೊಳಗೆ ಯಾವ ಪ್ರೋಗ್ರಾಮೂ ಬರೆಯಲಾರದು.

ನಿಟ್ಟುವಳ್ಳಿ ಮನೆ | ಸೋಮವಾರ, ರಾತ್ರಿ 8.30

ಕೇಬಲ್‌ನ ಕೆಳಗಿನ ತುದಿಯೊಳಗ ನಾಲ್ಕೇ ತಂತಿ ಇದ್ವು ರೀ! ಎಂಟೂ ಹಾಕಿ ಕ್ರಿಂಪ್ ಮಾಡಿಸಿದೆ. ಟಿವಿ ಪಕ್ಕದ ವೈಫೈ ಈಗ 310. 4ಕೆ ಒಂದು ಸಲನೂ ನಿಲ್ಲಲಿಲ್ಲ.

ಉಳಿದಿದ್ದು ಒಂದು. ಕನ್ನಡ ಹೆಸರಿನ ಸಿನಿಮಾಗಳಿಗೆ ಪಕ್ಕದಾಗೇ ಅದೇ ಹೆಸರಿನ ಎಸ್‌ಆರ್‌ಟಿ ಕಡತ ಇಟ್ಟೇನಿ. ಕೆಲವಕ್ಕೆ ಸಬ್‌ಟೈಟಲ್ ತಾನೇ ಬರ್ತೈತಿ, ಕೆಲವಕ್ಕೆ ಬರಂಗಿಲ್ಲ. ಕೈಯಿಂದ ಆರಿಸಿದ್ರ ಬರ್ತೈತಿ. ಹೆಸರು ಅಕ್ಷರಶಃ ಒಂದೇ. ಬರದಿರೋ ಎಸ್‌ಆರ್‌ಟಿ ಎಲ್ಲಾ ಹಳೇ ಮ್ಯಾಕ್‌ನಿಂದ ಬಂದಿದ್ವು.

ಜೋಗಿಮಟ್ಟಿ | ರಾತ್ರಿ 9.20

ಇದು ನನ್ನ ವಿಷಯ. ಹೆಸರು ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಒಂದೇ ಅಲ್ಲ. ಯುನಿಕೋಡ್‌ನಲ್ಲಿ ಕನ್ನಡದ ೀ, ೇ, ೈ, ೊ, ೋ ಸ್ವರಚಿಹ್ನೆಗಳನ್ನು ಎರಡು ರೀತಿ ಬರೆಯಬಹುದು: ಇಡಿಯಾಗಿ ಒಂದೇ ಸಂಕೇತ, ಅಥವಾ ತುಂಡು ತುಂಡು ಜೋಡಿಸಿ. ‘ಕೋಟೆ’ ಎಂಬ ಹೆಸರು ಇಡಿಯಾಗಿ ಬರೆದರೆ 4 ಸಂಕೇತ. ಬಿಡಿಸಿ ಬರೆದರೆ ‘ಕೋ’ದ ಓತ್ವ ಒಂದೇ ಮೂರು ತುಂಡಾಗುತ್ತದೆ (ೆ, ೂ, ಕೊನೆಗೆ ದೀರ್ಘದ ಗುರುತು), ಒಟ್ಟು 6. ಮ್ಯಾಕ್‌ನ ಹಳೆಯ ಡಿಸ್ಕ್ ವ್ಯವಸ್ಥೆ ಎಚ್‌ಎಫ್‌ಎಸ್ ಪ್ಲಸ್ ಹೆಸರುಗಳನ್ನು ಬಿಡಿಸಿಯೇ ಇಡುತ್ತದೆ. ವಿಂಡೋಸ್, ಲಿನಕ್ಸ್‌ನ ಕೀಬೋರ್ಡ್‌ಗಳು ಸಾಮಾನ್ಯವಾಗಿ ಇಡಿಯಾಗಿ ಹೊಡೆಯುತ್ತವೆ. ಕೋಡಿ ಬೈಟ್‌ಗೆ ಬೈಟ್ ಹೋಲಿಸುತ್ತದೆ, ತಾಳೆ ಬೀಳುವುದಿಲ್ಲ. ‘ಮನ’ ಥರದ ಹೆಸರಿನ ಕಡತಕ್ಕೆ ತೊಂದರೆ ಬರದೆ ‘ಕೋಟೆ’ಗೆ ಬರುವುದು ಇದಕ್ಕೇ. ಪರೀಕ್ಷಿಸಿ ನೋಡಿ, ಕೈಕೊಟ್ಟ ಹೆಸರುಗಳಲ್ಲೆಲ್ಲ ಈ ಐದರಲ್ಲಿ ಒಂದು ಸ್ವರ ಇದ್ದೇ ಇರುತ್ತದೆ.

ಪರಿಹಾರ ‘ಕಾನ್ವ್‌ಎಂವಿ’ ಎಂಬ ಸಣ್ಣ ಪ್ರೋಗ್ರಾಮ್, ಉಬುಂಟು ಭಂಡಾರದಲ್ಲೇ ಇದೆ. ಆಯ್ಕೆಗಳು: ‘-ಎಫ್ ಯುಟಿಎಫ್8 -ಟಿ ಯುಟಿಎಫ್8 --ಎನ್‌ಎಫ್‌ಸಿ -ಆರ್’, ಕೊನೆಗೆ ಫೋಲ್ಡರ್. ಇಷ್ಟು ಹೊಡೆದರೆ ಏನು ಬದಲಿಸುತ್ತೇನೆ ಎಂದು ತೋರಿಸುತ್ತದೆ, ಬದಲಿಸುವುದಿಲ್ಲ. ಪಟ್ಟಿ ಓದಿ ಸರಿ ಅನಿಸಿದರೆ ‘--ನೋಟೆಸ್ಟ್’ ಸೇರಿಸಿ ಮತ್ತೆ ಹೊಡೆಯಿರಿ.

ಹದಡಿ ರೋಡ್‌ನವರು ಎಕ್ಸ್ಟ್4 ಹೇಳಿದರಲ್ಲ, ಅಲ್ಲಿಗೆ ಹೋಗುವಾಗ ಒಂದು ಎಚ್ಚರ. ಎಕ್ಸ್ಟ್4ನಲ್ಲಿ ಹೆಸರಿಗೆ 255 ಬೈಟ್ ಮಿತಿ, ಕನ್ನಡದ ಪ್ರತಿ ಸಂಕೇತ 3 ಬೈಟ್. ಅಂದರೆ 85 ಸಂಕೇತ, ಒತ್ತಕ್ಷರ ಲೆಕ್ಕ ಹಾಕಿದರೆ ಸುಮಾರು 35, 40 ಅಕ್ಷರಕ್ಕೇ ತುಂಬುತ್ತದೆ. ಎನ್‌ಟಿಎಫ್‌ಎಸ್‌ನಲ್ಲಿ ಅದೇ ಹೆಸರು 255 ಸಂಕೇತದ ತನಕ ಹೋಗುತ್ತದೆ. ಸಿನಿಮಾ, ವರ್ಷ, ನಿರ್ದೇಶಕ, ನಟರು ಎಲ್ಲಾ ಕಡತದ ಹೆಸರಲ್ಲೇ ತುರುಕಿದ್ದರೆ ನಕಲು ಮಾಡುವಾಗ ‘ಫೈಲ್ ನೇಮ್ ಟೂ ಲಾಂಗ್’ ಎಂದು ನಿಲ್ಲುತ್ತದೆ. ಮೊದಲೇ ಮೊಟಕು ಮಾಡಿ. ಹೆಸರಿನಲ್ಲಿ ವಿವರಣಾ ಚಿಹ್ನೆ (:), ಪ್ರಶ್ನಾರ್ಥಕ ಚಿಹ್ನೆಯೂ ಬೇಡ. ವಿಂಡೋಸ್‌ಗೆ ಅವು ನಿಷಿದ್ಧ, ಸಾಂಬಾ ಅಂಥ ಕಡತಕ್ಕೆ ಅಲೆಗೆರೆ ಸೇರಿಸಿ ಗುರುತೇ ಸಿಗದ ಗಿಡ್ಡ ಹೆಸರು ಕೊಟ್ಟುಬಿಡುತ್ತದೆ.

ನಿಟ್ಟುವಳ್ಳಿ ಮನೆ | ಮಂಗಳವಾರ, ಬೆಳಿಗ್ಗೆ 7.05

ಆತು ರೀ, 63 ಕಡತದ ಹೆಸರು ಬದಲಾತು, ಎಲ್ಲಾ ಸಬ್‌ಟೈಟಲ್ ಬಂದ್ವು. ಜೋಗಿಮಟ್ಟಿಯವರಿಗೆ ಶರಣು. ಈಗ ದಿನದ ಮೊದಲ ಸಿನಿಮಾ ಒತ್ತಿದಾಗ ಹತ್ತು ಸೆಕೆಂಡು ಸುಮ್ನ ತಿರುಗ್ತೈತಿ, ಆಮೇಲೆ ಸರಿ. ಇದೂ ದೋಷನಾ?

ಹದಡಿ ರೋಡ್ | ಬೆಳಿಗ್ಗೆ 7.40

ಅಲ್ರಿ. ಡಿಸ್ಕ್ ಮಲಗಿರ್ತೈತಿ, ಎದ್ದು ಪೂರ್ತಿ ವೇಗಕ್ಕ ತಿರುಗಲಿಕ್ಕೆ ಅಷ್ಟು ಹೊತ್ತು ಬೇಕು. ಸಂಜೆಯೆಲ್ಲಾ ಎದ್ದಿರಲಿ ಅಂದ್ರ ‘ಸುಡೋ ಎಚ್‌ಡಿಪಾರ್ಮ್ -ಎಸ್ 242’ ಕೊಡ್ರಿ, ಈ ಎಸ್ ಮಾತ್ರ ದೊಡ್ಡಕ್ಷರ, ಮುಂದ ಡಿಸ್ಕ್‌ನ ಹೆಸರು. 242 ಅಂದ್ರ ಒಂದು ತಾಸು, 241 ಅಂದ್ರ ಅರ್ಧ ತಾಸು. ಕೆಲವು ಯುಎಸ್‌ಬಿ ಡಬ್ಬಿಗಳು ಈ ಆಜ್ಞೆನ ಡಿಸ್ಕ್ ತನಕ ದಾಟಿಸಂಗಿಲ್ಲ, ಆಗ ಹತ್ತು ಸೆಕೆಂಡು ಕಾಯೋದೇ. ಪೂರ್ತಿ ಮಲಗಿಸದಂಗ ಮಾಡಬೇಡ್ರಿ. ನಮ್ಮೂರ ಏಪ್ರಿಲ್ ಬಿಸಿಲಿಗೆ ಮುಚ್ಚಿದ ಟಿವಿ ಕಪಾಟಿನೊಳಗ ಹಗಲೆಲ್ಲಾ ತಿರುಗೋ ಡಿಸ್ಕ್ ಬಾಳಂಗಿಲ್ಲ. ಕಪಾಟಿನ ಹಿಂದಿನ ಹಲಗೆ ತೆಗೆದು ಗಾಳಿ ಬಿಡ್ರಿ.